ಕರ್ನಲ್ ಹರಲಾಂಪಿಯವರ ನೀರಿನ ಬಳಕೆ

ಗೊರ್ನಾ ಲಿಪಾ ಪುರಸಭೆಯ ನೀರಿನ ಮೀಟರ್ ಗುಮಾಸ್ತ ರಾಚೊ ಕಂದಿಲರೊವ್ ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ಒಂದು ಸುಳ್ಳನ್ನೂ ಹೇಳಿರಲಿಲ್ಲ. ಇಪ್ಪತ್ತೇಳನೆಯ ವರ್ಷದ ಸೆಪ್ಟೆಂಬರಿನಲ್ಲಿ ಒಂದು ಹೇಳಿದ. ಅದು ನೀರಿಗೆ ಸಂಬಂಧಿಸಿದ್ದಲ್ಲ, ಅಜ್ಜಂದಿರಿಗೆ ಸಂಬಂಧಿಸಿದ್ದು.

ಸುಳ್ಳು ಹುಟ್ಟಿದ್ದು ಪ್ಲೊವ್ದಿವ್ ನಗರದಲ್ಲಿ, ಭಾವೀ ಬೀಗರ ಊಟದ ಮೇಜಿನ ಮೇಲೆ, ಸೂಪು ಮತ್ತು ಮಾಂಸದ ನಡುವೆ. ರಾಚೊನ ಒಬ್ಬಳೇ ಮಗಳು ರಲಿತ್ಸಾ ಮೆಚ್ಚಿದ ಹುಡುಗನ ತಂದೆ ದಂತವೈದ್ಯ ವೆಝೆನ್ಕೊವ್. ಅವರ ಗೋಡೆಯ ಮೇಲೆ ಒಂಬತ್ತು ಮಂದಿ ಪೂರ್ವಜರು ಸಾಲಾಗಿ ತೂಗುತ್ತಿದ್ದರು: ಇಬ್ಬರು ವ್ಯಾಪಾರಿಗಳು, ಒಬ್ಬ ವಕೀಲ, ಗಡ್ಡದ ಪಾದ್ರಿ, ಬೀಸಣಿಗೆ ಹಿಡಿದ ನಾಲ್ವರು ಹೆಂಗಸರು, ಮತ್ತು ಏನು ಕೆಲಸವೆಂದು ಯಾರೂ ಹೇಳದ ಒಬ್ಬ ದಪ್ಪ ಮನುಷ್ಯ.

"ರಲಿತ್ಸಾ ಹೂವಿನಂಥ ಹುಡುಗಿ. ಆದ್ರೆ ಹೂವು ನೋಡಿದ ಮೇಲೆ ಬೇರೂ ನೋಡ್ಬೇಕು ಅನ್ಸುತ್ತೆ ನೋಡಿ. ನಿಮ್ಮ ಕಡೆ ಹಿರಿಯರು ಯಾರು?" ಎಂದರು ವೈದ್ಯರ ಹೆಂಡತಿ.

"ನಮ್ಮಲ್ಲೂ ಇದ್ದಾರೆ. ನಮ್ಮ ತಾತನ ಅಣ್ಣ, ಕರ್ನಲ್," ಎಂದ ರಾಚೊ.

ಅವನ ಹೆಂಡತಿ ದೊನ್ಕಾಳ ಚಮಚ ಬಾಯಿಯ ಹತ್ತಿರ ಬಂದು ಅಲ್ಲೇ ನಿಂತಿತು. ರಾಚೊನ ತಾತನಿಗೆ ಅಣ್ಣನೂ ಇರಲಿಲ್ಲ, ತಮ್ಮನೂ ಇರಲಿಲ್ಲ. ಇದ್ದದ್ದು ಒಂದು ಕತ್ತೆ.

"ಹಾಗಾದ್ರೆ ನವೆಂಬರ್ ಮೊದಲ ಶನಿವಾರ, ಸತ್ತವರ ಶನಿವಾರ, ನಿಮ್ಮಲ್ಲಿಗೆ ಬರ್ತೀವಿ," ಎಂದರು ಆಕೆ. "ಕರ್ನಲ್ ಸಾಹೇಬ್ರಿಗೂ ಒಂದು ಮೇಣದಬತ್ತಿ ಹಚ್ಚಿದ ಹಾಗಾಗುತ್ತೆ. ಮದುವೆ ತಾರೀಖು ಅವ್ರ ಮುಂದೆನೇ ಮಾತಾಡೋಣ."

ಅಂದರೆ ಕರ್ನಲ್ ಇಲ್ಲದಿದ್ದರೆ ತಾರೀಖೂ ಇಲ್ಲ. ರಾಚೊನ ಬಳಿ ಆರು ವಾರವಿತ್ತು.

ತಿಂಗಳ ಕೊನೆಯಲ್ಲಿ ಹೊಸ ಮಾದರಿಯ ಮೀಟರುಗಳ ತರಬೇತಿಗೆಂದು ಪುರಸಭೆ ಅವನನ್ನು ಸೋಫಿಯಾಕ್ಕೆ ಕಳಿಸಿತು. ತರಬೇತಿ ಶನಿವಾರ ಮುಗಿಯಿತು. ವಾಪಸಿನ ರೈಲು ಭಾನುವಾರ ನಾಲ್ಕಕ್ಕೆ. ಭಾನುವಾರ ಬೆಳಿಗ್ಗೆ ಅವನು ಊರಾಚೆಯ ಹಳೇ ಸಾಮಾನಿನ ಸಂತೆಗೆ ಹೋದ. ಕಾಫಿ ಬೀಜ ಬೀಸುವ ಹಿತ್ತಾಳೆಯ ಕೈಯಂತ್ರ, ಒಂಟಿ ಬೂಟು, ಯಾವ ಸೈನ್ಯದ್ದೆಂದು ಸೈನ್ಯಕ್ಕೇ ಮರೆತುಹೋದ ಪದಕ, ಗಾಜಿನ ಕಣ್ಣುಗಳಿದ್ದ ಒಂದು ಡಬ್ಬಿ, ಇವೆಲ್ಲ ಮುಗಿದು ಮಣ್ಣಿನ ದಾರಿ ಕೊನೆಯಾಗುವಲ್ಲಿ ಒಂದು ಹಸಿರು ವ್ಯಾನ್ ನಿಂತಿತ್ತು. ಅದರ ಚಕ್ರಗಳಿಗೆ ಒರಗಿ ಐವತ್ತು ಅರವತ್ತು ಭಾವಚಿತ್ರಗಳು ಬಿಸಿಲು ಕಾಯುತ್ತಿದ್ದವು. ಮಡಿಸುವ ಕುರ್ಚಿಯಲ್ಲಿ ಎವ್ಸ್ತಾತಿ ಎಂಬ ಮುದುಕ ಸೂರ್ಯಕಾಂತಿ ಬೀಜ ಸುಲಿಯುತ್ತಿದ್ದ.

"ಏನ್ ಬೇಕು? ತಾತನೋ, ಮುತ್ತಾತನೋ?"

"ಸುಮ್ನೆ ನೋಡ್ತಿದ್ದೀನಿ ಅಷ್ಟೆ."

"ಅವ್ರೂ ಅಷ್ಟೇ ಮಾಡ್ತಿರೋದು," ಎಂದ ಎವ್ಸ್ತಾತಿ. "ಈ ಪಾದ್ರಿ ಒಳ್ಳೆಯವ್ರು, ಗಲಾಟೆ ಇಲ್ಲ. ಆ ನ್ಯಾಯಾಧೀಶ್ರನ್ನ ಮಾತ್ರ ತಗೋಬೇಡಿ. ಎರಡು ಸಲ ವಾಪಸ್ ತಂದ್ರು."

"ಯಾಕೆ?"

"ಊಟಕ್ಕೆ ಕೂತಾಗ ತೀರ್ಪು ಕೊಡ್ತಾರಂತೆ. ಆವತ್ತಿಂದ ನಾನು ವಾಪಸ್ ತಗೊಳ್ಳೋದೇ ಬಿಟ್ಟೆ."

ರಾಚೊ ನಕ್ಕ. ಎವ್ಸ್ತಾತಿ ನಗಲಿಲ್ಲ, ಬೀಜದ ಸಿಪ್ಪೆ ಉಗಿದ. ಹಿಂದಿನ ಚಕ್ರದ ಬಳಿ ಸಮವಸ್ತ್ರದ ಒಬ್ಬರಿದ್ದರು. ಮೀಸೆ ಎರಡೂ ಕಡೆ ಸಮನಾಗಿ ಮೇಲೆದ್ದಿತ್ತು, ಕತ್ತು ಸ್ವಲ್ಪ ಎಡಕ್ಕೆ ತಿರುಗಿತ್ತು. ಹಿಂಬದಿಯಲ್ಲಿ ಛಾಯಾಗ್ರಾಹಕನ ಮುದ್ರೆ ಬಿಟ್ಟರೆ ಹೆಸರಿಲ್ಲ, ವರ್ಷವಿಲ್ಲ. ಪದವಿ ಗೊತ್ತಾಗುತ್ತಿರಲಿಲ್ಲ, ಆದರೆ ಆ ಮೀಸೆಗೆ ಕರ್ನಲ್‌ಗಿಂತ ಕಡಿಮೆಯ ಪದವಿ ಕೊಡುವುದು ಅವಮಾನವಾಗುತ್ತಿತ್ತು.

"ಮನೇಲಿ ಖಾಲಿ ಮೊಳೆ ಇದೆಯಾ?" ಎಂದು ಕೇಳಿದ ಎವ್ಸ್ತಾತಿ, ಹಳೆಯ ಪತ್ರಿಕೆಯಲ್ಲಿ ಚೌಕಟ್ಟು ಸುತ್ತುತ್ತ.

"ಮೊಳೆ ಯಾಕೆ ಖಾಲಿ ಇರ್ಬೇಕು?"

"ಒಂದು ಮೊಳೆಗೆ ಒಬ್ರೇ. ಇದೆಯೋ ಇಲ್ವೋ?"

"ಇದೆ, ಇದೆ," ಎಂದ ರಾಚೊ. ದಾಖಲೆಗಾಗಿ ಹೇಳುವುದಾದರೆ, ಇದು ಅವನ ಎರಡನೆಯ ಸುಳ್ಳು.

ರೈಲಿನಲ್ಲಿ ಅವನು ಕರ್ನಲ್ಲರನ್ನು ಕಿಟಕಿ ಪಕ್ಕದ ಸೀಟಿನ ಮೇಲೆ ನಿಲ್ಲಿಸಿದ. ಪತ್ರಿಕೆ ಮೇಲ್ಭಾಗದಲ್ಲಿ ಹರಿದು ಕಣ್ಣು ಕಾಣುತ್ತಿದ್ದವು. ಟಿಕೆಟ್ ಪರೀಕ್ಷಕ ಬಂದು ರಾಚೊನ ಟಿಕೆಟ್ಟಿಗೆ ತೂತು ಹೊಡೆದು ಅಲ್ಲೇ ನಿಂತ.

"ಇವ್ರದ್ದು?"

"ಇದು ಫೋಟೊ ಸ್ವಾಮಿ."

ಪರೀಕ್ಷಕ ಸೀಟನ್ನು ನೋಡಿದ, ರಾಚೊನನ್ನು ನೋಡಿದ, ಮತ್ತೆ ಸೀಟನ್ನು ನೋಡಿ ಟೋಪಿ ಸರಿಮಾಡಿಕೊಂಡು ಹೊರಟುಹೋದ. ರಾಚೊ ಚಿತ್ರವನ್ನೆತ್ತಿ ಮೇಲಿನ ಸಾಮಾನಿನ ಅಟ್ಟಕ್ಕಿಡಲು ಹೋದಾಗ ಎದುರಿನ ಹೆಂಗಸು ಹೆಣೆಯುವುದನ್ನು ನಿಲ್ಲಿಸಿದಳು.

"ಅಯ್ಯೋ, ಮೇಲೆ ಇಡ್ಬೇಡಿ. ಅಲ್ಲಿ ಗಾಳಿ ಬೀಸುತ್ತೆ. ವಯಸ್ಸಾದವ್ರು."

ಗೊರ್ನಾ ಲಿಪಾದಲ್ಲಿ ರಾಚೊನ ಮನೆ ಎಂಟು ಮಹಡಿಯ ಕಾಂಕ್ರೀಟ್ ಕಟ್ಟಡದ ಮೂರನೆಯ ಮಹಡಿಯಲ್ಲಿತ್ತು. ಆ ಗೋಡೆಗಳಿಗೆ ಮೊಳೆ ಹೊಡೆದರೆ ಗೋಡೆ ಬಿರಿಯುತ್ತಿರಲಿಲ್ಲ, ಮೊಳೆ ಬಾಗುತ್ತಿತ್ತು. ಇಪ್ಪತ್ತು ವರ್ಷಗಳ ಪ್ರಯತ್ನದಲ್ಲಿ ನೆಟ್ಟಗೆ ಕೂತದ್ದು ಒಂದೇ ಮೊಳೆ. ಅದರ ಮೇಲೆ ರಾಚೊ ತಾನೇ ಇದ್ದ: ಹತ್ತೊಂಬತ್ತರ ವಯಸ್ಸು, ಕಡ್ಡಾಯ ಸೈನಿಕ ಸೇವೆ, ಬೋಳಿಸಿದ ತಲೆ, ಅಗಲ ಕಿವಿ. ಅವನು ತನ್ನನ್ನು ಕೆಳಗಿಳಿಸಿದ, ಕರ್ನಲ್ಲರನ್ನು ಮೇಲೇರಿಸಿದ. ತನ್ನನ್ನು ಒಯ್ದು ನೆಲಮಾಳಿಗೆಯಲ್ಲಿ ಉಪ್ಪಿನಕಾಯಿ ಜಾಡಿಗಳ ಹಿಂದೆ ಇಟ್ಟ.

"ಹೆಸ್ರು?" ಎಂದಳು ದೊನ್ಕಾ ಸೊಂಟದ ಮೇಲೆ ಕೈಯಿಟ್ಟು.

"ಹರಲಾಂಪಿ. ಕರ್ನಲ್ ಹರಲಾಂಪಿ ಕಂದಿಲರೊವ್."

"ನೋಡೋಕೆ ಪರವಾಗಿಲ್ಲ. ನಿನ್ನ ಕಡೆಯವ್ರು ಅಂತ ಯಾರೂ ನಂಬಲ್ಲ."

ಮರುದಿನ ಎದುರುಮನೆಯ ತೊತ್ಕಜ್ಜಿ ಬೇಕಿಂಗ್ ಸೋಡಾ ಕೇಳಲು ಬಂದಳು. ತೊಂಬತ್ತೊಂದು ವರ್ಷ, ಸೋಡಾ ನೆಪ. ಅವಳು ಚಿತ್ರದ ಎಡಬದಿಗೆ ನಿಂತು ಗೋಡೆಗೆ ಏನೋ ಗೊಣಗಿದಳು.

"ನಮ್ಮ ತಾತನ ಅಣ್ಣ," ಎಂದ ರಾಚೊ.

"ಎಡಗಿವಿ ಕೇಳಿಸಲ್ಲ ಇವ್ನಿಗೆ."

"ನಿನಗೆ ಹೇಗೆ ಗೊತ್ತಜ್ಜಿ?"

"ನಾನು ಆಗ್ಲೇ ಎಡಗಡೆಯಿಂದ ನಮಸ್ಕಾರ ಹೇಳಿದೆ, ಸುಮ್ನಿದ್ದ. ಈಗ ಬಲಗಡೆಯಿಂದ ಹೇಳ್ತೀನಿ ನೋಡು." ಅವಳು ಬಲಕ್ಕೆ ಸರಿದು ನಮಸ್ಕಾರ ಹೇಳಿದಳು. ರಾಚೊ ಗೋಡೆ ನೋಡಲಿಲ್ಲ, ಅಜ್ಜಿಯ ಮುಖ ನೋಡಿದ. ಅಜ್ಜಿಯ ಮುಖ ಉತ್ತರ ಸಿಕ್ಕವರ ಮುಖದಂತಿತ್ತು. ಅಂದಿನಿಂದ ದೊನ್ಕಾ ಆ ಕೋಣೆಯಲ್ಲಿ ಗುಡಿಸುವಾಗಲೂ ಬಲಗಡೆಯಿಂದಲೇ ಶುರುಮಾಡತೊಡಗಿದಳು.

"ಸತ್ತದ್ದು ಯಾವಾಗ?" ಎಂದು ಬಾಗಿಲಲ್ಲಿ ತಿರುಗಿ ಕೇಳಿದಳು ಅಜ್ಜಿ.

"ಬಹಳ ಹಿಂದೆ."

"ಚೀಟಿ ಅಂಟಿಸಿದ್ದು ನಾನು ನೋಡಿಲ್ಲ. ಊರಲ್ಲಿ ಯಾರೂ ನೋಡಿಲ್ಲ. ಚೀಟಿ ಇಲ್ದೆ ಎಂಥಾ ಸಾವೋ?"

ಅಜ್ಜಿಯ ಮಾತಿನಲ್ಲಿ ತಪ್ಪಿರಲಿಲ್ಲ. ಗೊರ್ನಾ ಲಿಪಾದಲ್ಲಿ ಮನುಷ್ಯ ಸಾಯುವುದು ಎರಡು ಹಂತದಲ್ಲಿ. ಮೊದಲು ಉಸಿರು ನಿಲ್ಲುತ್ತದೆ, ಆಮೇಲೆ ಅವನ ಫೋಟೊ ಇರುವ ಕಪ್ಪಂಚಿನ ಚೀಟಿ ಮನೆಯ ಬಾಗಿಲಿಗೆ, ದೀಪದ ಕಂಬಕ್ಕೆ, ಬಸ್ ನಿಲ್ದಾಣಕ್ಕೆ ಅಂಟುತ್ತದೆ. ನಲವತ್ತು ದಿನಕ್ಕೊಂದು, ಆರು ತಿಂಗಳಿಗೊಂದು, ಮತ್ತೆ ವರ್ಷವರ್ಷಕ್ಕೆ. ಎರಡನೆಯ ಹಂತ ಮುಗಿಯದವನು ಸತ್ತಿಲ್ಲ, ಎಲ್ಲೋ ಹೋಗಿದ್ದಾನೆ ಅಷ್ಟೆ. ಫೋಟೊ ಇದೆ, ಚೀಟಿ ಇಲ್ಲ ಎಂದರೆ ಒಂದೇ ಅರ್ಥ: ಬಂದು ಇಳಿದುಕೊಂಡಿದ್ದಾನೆ.

ಎರಡು ದಿನದಲ್ಲಿ ಬ್ರೆಡ್ಡಿನ ಅಂಗಡಿಯವಳು ದೊನ್ಕಾಗೆ ಕೇಳದೆಯೇ ಒಂದು ಬ್ರೆಡ್ ಹೆಚ್ಚಿಗೆ ಕಟ್ಟಿದಳು. "ಕರ್ನಲ್ ಸಾಹೇಬ್ರು ಹೇಗಿದ್ದಾರೆ?" ಎಂದು ಮೆಟ್ಟಿಲ ಮೇಲೆ ಸಿಕ್ಕವರೆಲ್ಲ ಕೇಳಿದರು. ರಾಚೊ ನಗುತ್ತ "ಚೆನ್ನಾಗಿದ್ದಾರೆ" ಎಂದ; ಬೀಗರು ಬರುವ ಹೊತ್ತಿಗೆ ಊರಿಗೆಲ್ಲ ಕರ್ನಲ್ ಗೊತ್ತಿರುವುದು ಒಳ್ಳೆಯದೇ ಅಲ್ಲವೇ?

ಅಕ್ಟೋಬರ್ ಮೂವತ್ತೊಂದರಂದು ಅವನು ತನ್ನ ಮನೆಯ ಮೀಟರ್ ಓದಿದ. ಈ ಕೆಲಸವನ್ನು ಅವನು ಗಡ್ಡ ಬೋಳಿಸಿಕೊಂಡೇ ಮಾಡುತ್ತಿದ್ದ. ಒಬ್ಬ ಮನುಷ್ಯನಿಗೆ ತಿಂಗಳಿಗೆ ಮೂರು ಘನ ಮೀಟರ್ ನೀರು; ಗಂಡ ಹೆಂಡತಿಗೆ ಆರು. ರಲಿತ್ಸಾ ಓದಲೆಂದು ಪ್ಲೊವ್ದಿವ್‌ಗೆ ಹೋಗಿ ಅಲ್ಲೇ ನಿಂತ ಮೇಲೆ, ಐದು ವರ್ಷಗಳಿಂದ, ಆ ಮೀಟರ್ ಐದೂ ಮುಕ್ಕಾಲು ಮತ್ತು ಆರೂ ಕಾಲಿನ ನಡುವೆ ಶಿಸ್ತಾಗಿ ಓಡುತ್ತಿತ್ತು. ಈ ತಿಂಗಳು ಒಂಬತ್ತು.

ಅವನು ನಲ್ಲಿಗಳನ್ನೆಲ್ಲ ಮುಚ್ಚಿ ಟಾರ್ಚ್ ಬಿಟ್ಟು ನೋಡಿದ. ಮೀಟರಿನ ಮುಖದಲ್ಲಿ ಒಂದು ಪುಟ್ಟ ಕೆಂಪು ನಕ್ಷತ್ರವಿರುತ್ತದೆ. ಎಲ್ಲೋ ಒಂದು ಹನಿ ಸೋರಿದರೂ ಅದು ನಡುಗುತ್ತದೆ. ಈಗ ಅದು ಕಲ್ಲಿನಂತೆ ನಿಂತಿತ್ತು. ಸೋರಿಕೆ ಇಲ್ಲ. ಬಳಕೆ.

"ದೊನ್ಕಾ, ಬಟ್ಟೆ ಜಾಸ್ತಿ ಒಗೆದ್ಯಾ?"

"ಇಲ್ಲ. ಒಂದು ಟವೆಲ್ ಜಾಸ್ತಿ ಅಷ್ಟೆ."

"ಯಾರ ಟವೆಲ್?"

ದೊನ್ಕಾ ಸ್ನಾನದ ಮನೆಯ ಕಡೆ ನೋಡಿದಳು. ಅಲ್ಲಿ ಮೂರನೆಯ ಟವೆಲ್ ತೂಗುತ್ತಿತ್ತು, ಒದ್ದೆಯಾಗಿ. "ಬೆಳಿಗ್ಗೆ ನಮ್ಮಿಬ್ರದ್ದೂ ಒದ್ದೆ ಇರ್ತಿತ್ತು, ನಾವು ಏಳೋಕೆ ಮೊದ್ಲೇ. ಅದಕ್ಕೆ ಅವ್ರಿಗೊಂದು ಬೇರೆ ಹಾಕ್ದೆ. ಅತಿಥಿಗಳಿಗೆ ನಮ್ಮ ಟವೆಲ್ ಕೊಡೋದು ಚೆನ್ನಾಗಿರಲ್ಲ."

ಕೆಳಗಿನ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಪ್ರತಿ ಮನೆಯವರೂ ತಮ್ಮ ಬಳಕೆ ಬರೆಯುವುದು ಆ ಕಟ್ಟಡದ ಪದ್ಧತಿ. ಆರು ಎಂದು ಬರೆದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅಜ್ಜಂದಿರ ವಿಷಯ ಬೇರೆ, ಘನ ಮೀಟರಿನ ವಿಷಯ ಬೇರೆ. ರಾಚೊ ಒಂಬತ್ತು ಎಂದು ಬರೆದ.

ಅರ್ಧ ಗಂಟೆಯಲ್ಲಿ ಕಟ್ಟಡದ ಉಸ್ತುವಾರಿ ಗುಂಚೊ ನಿವಾಸಿಗಳ ಪುಸ್ತಕ ಕಂಕುಳಲ್ಲಿಟ್ಟು ಬಂದ.

"ರಾಚೊ, ಒಂಬತ್ತು ಅಂದ್ರೆ ಮೂವರು. ಪುಸ್ತಕದಲ್ಲಿ ಇಬ್ರಿದ್ದೀರಿ."

"ಅದು ಫೋಟೊ ಮಾರಾಯ!"

"ಫೋಟೊ ಸ್ನಾನ ಮಾಡಲ್ಲ. ನೀನೇ ಮೀಟರಿನವ್ನು, ನಿನಗೆ ನಾನು ಹೇಳ್ಬೇಕಾ? ನೋಡು, ನನ್ನ ಹತ್ರ ಎರಡೇ ಕಾಲಂ ಇರೋದು. ಬದುಕಿದ್ರೆ ಇಲ್ಲಿ ಬರೀತೀನಿ, ಹುಟ್ಟಿದ ತಾರೀಖು ಕೊಡು. ಸತ್ತಿದ್ರೆ ಚೀಟಿ ತೋರ್ಸು. ಎರಡೂ ಇಲ್ಲ ಅಂದ್ರೆ ನೋಂದಣಿ ಇಲ್ದೆ ಬಾಡಿಗೆದಾರನ್ನ ಇಟ್ಕೊಂಡಿದ್ದೀಯ ಅಂತ ಶನಿವಾರ ಪೊಲೀಸ್ನೋರನ್ನ ಕರ್ಕೊಂಡ್ ಬರ್ತೀನಿ."

ಶನಿವಾರ ಬೀಗರು ಬರುವ ದಿನ. ರಾಚೊ ಕೋಟು ತೊಟ್ಟು ಓಡಿದ.

ಊರಿನಲ್ಲಿ ಚೀಟಿ ಅಚ್ಚು ಹಾಕುವವನು ಝೆಲ್ಯಾಜ್ಕೊ. ಅವನು ಕರ್ನಲ್ಲರ ಮುಖವನ್ನು ಯಂತ್ರದ ಗಾಜಿನ ಮೇಲೆ ಮಗುಚಿಟ್ಟು ಕೇಳಿದ, "ಎಷ್ಟು ವರ್ಷ ಆಯ್ತು?"

"ಎಂಬತ್ತು ಅಂತ ಹಾಕು."

"'ಎಂಬತ್ತು ವರ್ಷಗಳ ಮಾಸದ ನೋವು.' ಇಷ್ಟು ದಿನ ನೋವು ಎಲ್ಲಿತ್ತು ಅಂತ ಜನ ಕೇಳಲ್ವಾ?"

"ನೀನು ಅಚ್ಚು ಹಾಕು."

ಯಂತ್ರದ ಬೆಳಕು ಗಾಜಿನಡಿ ಹರಿದು ಹೋಯಿತು. ಮೊದಲ ಪ್ರತಿಯಲ್ಲಿ ಕರ್ನಲ್ಲರ ಕಣ್ಣು ಮುಚ್ಚಿದ್ದವು. "ಬೆಳಕು ಹೊಡೀತು ಪಾಪ," ಎಂದ ಝೆಲ್ಯಾಜ್ಕೊ. ಆ ಪ್ರತಿ ಹರಿದುಹಾಕಿ ಎರಡನೆಯದು ತೆಗೆದ. ಎರಡನೆಯದರಲ್ಲಿ ಸರಿಯಾಗಿ ಬಂದಿತ್ತು.

ಶನಿವಾರ ಬೆಳಿಗ್ಗೆ ಇಪ್ಪತ್ತು ಕಂಬಗಳ ಮೇಲೆ ಕರ್ನಲ್ ಅಧಿಕೃತವಾಗಿ ಸತ್ತರು. ಗುಂಚೊ ಬಾಗಿಲ ಚೀಟಿ ಓದಿ ಟೋಪಿ ತೆಗೆದು, ಪುಸ್ತಕದಲ್ಲಿ ಸತ್ತವರ ಕಾಲಂಗೆ ಒಂದು ಗೀಟೆಳೆದ. ದೊನ್ಕಾ ಬೇಯಿಸಿದ ಗೋಧಿಯ ಮೇಲೆ ಪುಡಿಸಕ್ಕರೆ ಹರಡಿ, ವಾಲ್‌ನಟ್ಟಿನಿಂದ ಶಿಲುಬೆ ಬರೆದು ಮೇಜಿನ ಮೇಲಿಟ್ಟಳು. ಬೀಗರು ಹತ್ತೂವರೆಗೆ ಬಂದಾಗ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

"ದೇವ್ರು ಕ್ಷಮಿಸ್ಲಿ," ಎನ್ನುತ್ತ ಒಬ್ಬೊಬ್ಬರೂ ಗೋಧಿಯ ಬಟ್ಟಲು ತೆಗೆದುಕೊಂಡರು. ಮುಫತ್ತಾಗಿ ತಿಂದವರು ಸತ್ತವನ ಬಗ್ಗೆ ಒಂದು ಮಾತಾದರೂ ಆಡಬೇಕು, ಅದು ಮರ್ಯಾದೆ. ನಿವೃತ್ತ ಮೇಷ್ಟ್ರು, ಶಾಲೆಯ ಮುಂದಿನ ಚೆಸ್ಟ್‌ನಟ್ ಮರ ನೆಟ್ಟದ್ದು ಕರ್ನಲ್ಲರೇ ಎಂದರು. ಕಟುಕನ ಮುತ್ತಾತ ಅವರಿಗೆ ಕುದುರೆ ಕಡ ಕೊಟ್ಟಿದ್ದನಂತೆ.

"ಕುದುರೆ ಇನ್ನೂ ವಾಪಸ್ ಬಂದಿಲ್ಲ," ಎಂದ ಕಟುಕ ಗೋಡೆಯ ಕಡೆ ನೋಡಿ. ನಂತರ, ಬಲಕ್ಕೆ ಸರಿದು, "ಅವಸರ ಏನಿಲ್ಲ" ಎಂದ.

ವೈದ್ಯರ ಹೆಂಡತಿಯ ಕಣ್ಣು ತೇವವಾದವು. "ನಮ್ಮೋರನ್ನ ನಾವು ಮಾತ್ರ ನೆನೀತೀವಿ. ನಿಮ್ಮೋರನ್ನ ಇಡೀ ಊರೇ ನೆನೆಯುತ್ತೆ," ಎಂದರು. ಮದುವೆ ಈಸ್ಟರ್ ಆದ ಮರುವಾರಕ್ಕೆ ಎಂದು ಅಲ್ಲೇ ತೀರ್ಮಾನವಾಯಿತು. ರಲಿತ್ಸಾ ಅಪ್ಪನ ಕೊರಳಿಗೆ ಬಿದ್ದಳು. ರಾಚೊನ ಕೆಲಸ ಗೆದ್ದಿತ್ತು.

ಹಣ್ಣಿನ ಮದ್ಯ ರಕಿಯಾ ಎರಡನೆಯ ಸುತ್ತು ಬಂದಾಗ ದಂತವೈದ್ಯರು ಅವನ ತೋಳು ಹಿಡಿದು ಸ್ನಾನದ ಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಮುಚ್ಚಿದರು.

"ಹಸಿರು ವ್ಯಾನ್ ಅಲ್ವಾ ಬೀಗರೇ?"

ರಾಚೊ ಬಾಗಿಲಿಗೆ ಚಿಲಕ ಹಾಕಿದ.

"ಹೆದರ್ಬೇಡಿ. ನಮ್ಮವೂ ಅಲ್ಲೇದು. ಒಂಬತ್ತೂ. ನಮ್ಮಪ್ಪ ಟೊಮ್ಯಾಟೊ ಕಾರ್ಖಾನೇಲಿ ಡಬ್ಬಿಗೆ ಮುಚ್ಚಳ ಹಾಕ್ತಿದ್ರು. ನನ್ನ ಹೆಂಡ್ತಿಗೆ ಗೊತ್ತಿಲ್ಲ, ಬೇಡ. ಅವಳು ದಿನಾ ಅವ್ರ ಜೊತೆ ಕಾಫಿ ಕುಡೀತಾಳೆ." ಅವರು ಬಗ್ಗಿ ಮೀಟರ್ ನೋಡಿದರು. "ನಿಮ್ದು ಎಷ್ಟು ಬರುತ್ತೆ?"

"ಒಂಬತ್ತು."

"ನಮ್ದು ಮೂವತ್ತಮೂರು."

ರಾಚೊ ಮೂರರಿಂದ ಭಾಗಿಸಿದ. ಹನ್ನೊಂದು ಬಂತು: ಗಂಡ ಹೆಂಡತಿ ಇಬ್ಬರು, ಗೋಡೆಯ ಮೇಲೆ ಒಂಬತ್ತು ಮಂದಿ. ಶೇಷ ಇರಲಿಲ್ಲ, ಅದೇ ಅವನಿಗೆ ಹಿಡಿಸಲಿಲ್ಲ.

"ಆದ್ರೆ ಇವತ್ತು ಚೀಟಿ ಅಂಟಿಸಿದ್ದೀನಲ್ಲ," ಎಂದ.

"ಚೀಟಿ ನೆರೆಹೊರೆಯವ್ರಿಗೆ. ಗೋಡೆ ಮೇಲಿನವ್ರಿಗೆ ಮೊಳೆ ಮಾತ್ರ ಗೊತ್ತು. ಯಾರು ಮೊಳೆ ಮೇಲೋ ಅವ್ರು ಆ ಮನೇಲಿ." ವೈದ್ಯರು ಗ್ಲಾಸು ಬರಿದು ಮಾಡಿದರು. "ಅಂದ ಹಾಗೆ, ಆ ಮೊಳೆ ಮೇಲೆ ಮೊದ್ಲು ಯಾರಿದ್ರು?"

ಬೀಗರನ್ನು ಕಳಿಸಿದ್ದೇ ರಾಚೊ ನೆಲಮಾಳಿಗೆಗೆ ಇಳಿದ. ಜಾಡಿಗಳ ಜಾಗದಲ್ಲಿ ಎಲೆಕೋಸನ್ನು ಹುಳಿಗೆ ಹಾಕಿದ ಪೀಪಾಯಿ ನಿಂತಿತ್ತು.

"ದೊನ್ಕಾ! ಇಲ್ಲಿದ್ದ ಫೋಟೊ?"

"ಪೀಪಾಯಿಗೆ ಜಾಗ ಬೇಕಿತ್ತು. ಹಳೇ ಸಾಮಾನಿನವನು ಬಂದಿದ್ದ, ಎಲ್ಲಾ ಒಟ್ಟಿಗೆ ಕೊಟ್ಬಿಟ್ಟೆ."

"ಅದ್ರಲ್ಲಿ ನಾನಿದ್ದೆ ಕಣೇ!"

"ನೀನು ಇಲ್ಲೇ ಇದ್ದೀಯಲ್ಲ. ಏನು ಕೂಗಾಟ?"

"ಹಳೇ ಸಾಮಾನಿನವನ ವ್ಯಾನ್ ಯಾವ ಬಣ್ಣ?"

ದೊನ್ಕಾ ಯೋಚಿಸಿದಳು. "ಹಸಿರು."

ಮರುವಾರ, ಹತ್ತನೆಯ ತಾರೀಖಿನ ಭಾನುವಾರ, ಇಬ್ಬರು ಬೀಗರೂ ಸೋಫಿಯಾದ ಸಂತೆಯಲ್ಲಿ ಭೇಟಿಯಾದರು. ವೈದ್ಯರಿಗೆ ಮದುವೆಗೆ ಮುಂಚೆ ಒಬ್ಬ ಬಿಷಪ್ ಬೇಕಿತ್ತು. ರಾಚೊಗೆ ರಾಚೊ ಬೇಕಿತ್ತು. ಹಸಿರು ವ್ಯಾನಿನ ಮುಂದೆ ಕಡಲತೀರದ ಬುರ್ಗಾಸ್ ಕಡೆಯ ಯುವ ದಂಪತಿ ನಿಂತಿದ್ದರು. ಹುಡುಗಿಯ ಕೈಯಲ್ಲಿ ಅವನು ಇದ್ದ. ಬೋಳು ತಲೆ, ಅಗಲ ಕಿವಿ.

"ನನ್ನ ಚಿಕ್ಕ ತಾತ," ಎನ್ನುತ್ತಿದ್ದಳು ಅವಳು. "ಹಡಗಿನ ಕ್ಯಾಪ್ಟನ್. ಮುಳುಗಿದ್ರು."

"ಈ ಮುಖಕ್ಕೆ ಮುಳುಗೋದು ಸರಿಯಾಗುತ್ತೆ," ಎಂದ ಗಂಡ.

"ತಾಯಿ, ಅದು ನಾನು!" ಎಂದ ರಾಚೊ.

ಹುಡುಗಿ ಚಿತ್ರ ನೋಡಿದಳು, ಅವನನ್ನು ನೋಡಿದಳು. "ಕಿವಿ ಸ್ವಲ್ಪ ಹೋಲುತ್ತೆ," ಎಂದು ಮರ್ಯಾದೆಗೆ ಒಪ್ಪಿದಳು. "ಆದ್ರೆ ನಮ್ಮ ತಾತ ಗಂಭೀರ."

"ಡಾಕ್ಟ್ರೇ, ನೀವಾದ್ರೂ ಹೇಳಿ!"

ವೈದ್ಯರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. "ಒಳ್ಳೆ ಹಲ್ಲು," ಎಂದರು. "ಯಾರಿದು?"

ರಾಚೊ ಎವ್ಸ್ತಾತಿಯ ಕಡೆ ತಿರುಗಿದ. "ವಾಪಸ್ ಕೊಡ್ಸು. ದುಪ್ಪಟ್ಟು ಕೊಡ್ತೀನಿ."

"ಮಾರಿದ್ದಾಯ್ತು. ಮನೇಲಿ ಖಾಲಿ ಮೊಳೆ ಇದೆ ಅಂದವ್ರು ನೀವೇ," ಎಂದ ಎವ್ಸ್ತಾತಿ, ಸಿಪ್ಪೆ ಉಗಿದು.

ದಂಪತಿ ಚಿತ್ರವನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ ಪಟ್ಟಿ ಬಿಗಿದರು. ರಾಚೊ ಕಿಟಕಿಯ ಪಕ್ಕ ಓಡಿದ. "ಹುರುಳಿಕಾಯಿ ಸೂಪು ಅಂದ್ರೆ ಇಷ್ಟ! ಉಪ್ಪು ಕಡಿಮೆ!" ಎಂದು ಕೂಗಿದ. ಹುಡುಗಿ ಗಾಜು ಇಳಿಸಿ, "ನೀವು ಅವ್ರನ್ನ ನೋಡಿದ್ರಾ?" ಎಂದಳು ಸಂತೋಷದಿಂದ. ಕಾರು ಹೋಯಿತು.

ಆ ಚಳಿಗಾಲದಲ್ಲಿ ರಾಚೊನ ಬದುಕು ಎಂದಿನಂತೆ ಇತ್ತೆಂದೇ ಹೇಳಬೇಕು. ಬ್ರೆಡ್ಡಿನ ಅಂಗಡಿಯವಳು ಹೆಚ್ಚಿನ ಬ್ರೆಡ್ ಕಟ್ಟುವುದನ್ನು ನಿಲ್ಲಿಸಿದಳು. ಗುಂಚೊ ಮೆಟ್ಟಿಲ ಮೇಲೆ ಸಿಕ್ಕಾಗ ಪಕ್ಕಕ್ಕೆ ಸರಿಯುತ್ತಿರಲಿಲ್ಲ. ತೊತ್ಕಜ್ಜಿ ಬಂದರೆ ಗೋಡೆಯೊಂದಿಗೆ ಮಾತಾಡಿ ಹೋಗುತ್ತಿದ್ದಳು. ಇವಕ್ಕೆಲ್ಲ ಬೇರೆ ಬೇರೆ ಕಾರಣಗಳಿರಬಹುದು. ಆದರೆ ಡಿಸೆಂಬರ್ ಮೂವತ್ತೊಂದರ ಬೆಳಿಗ್ಗೆ ಅವನು ಗಡ್ಡ ಬೋಳಿಸಿಕೊಂಡು ಮೀಟರ್ ಮುಂದೆ ಕೂತಾಗ ಸಂಖ್ಯೆ ಆರು ಎಂದಿತು.

ಅವನಿಗೆ ಜೀವ ಬಂದಂತಾಯಿತು. "ದೊನ್ಕಾ! ಕರ್ನಲ್ ಹೋಗ್ಬಿಟ್ರು!"

ದೊನ್ಕಾ ಅಡುಗೆಮನೆಯಲ್ಲಿ ಎರಡು ಲೋಟಕ್ಕೆ ಕಾಫಿ ಬಗ್ಗಿಸುತ್ತಿದ್ದಳು. ಒಂದನ್ನು ತನ್ನ ಜಾಗದಲ್ಲಿಟ್ಟಳು, ಇನ್ನೊಂದನ್ನು ಒಳಗೆ ಒಯ್ದು ಗೋಡೆಯ ಬಲಬದಿಗೆ ಇಟ್ಟಳು. ಸ್ನಾನದ ಮನೆಯಲ್ಲಿ ಎರಡೇ ಟವೆಲ್ ಇದ್ದವು, ಎರಡೂ ಒದ್ದೆ.

"ನನ್ನ ಕಾಫಿ?" ಎಂದ ರಾಚೊ.

ಅವಳು ರೇಡಿಯೊ ಸ್ವಲ್ಪ ಜೋರು ಮಾಡಿದಳು.

ರಾಚೊ ಸ್ನಾನದ ಮನೆಯ ನಲ್ಲಿ ತಿರುಗಿಸಿ ಒಂದು ಲೋಟ ನೀರು ಹಿಡಿದ. ನೀರು ತಣ್ಣಗಿತ್ತು, ಸ್ವಲ್ಪ ಉಪ್ಪುಪ್ಪಾಗಿತ್ತು. ಕುಡಿಯುತ್ತಲೇ ಬಗ್ಗಿ ಮೀಟರಿನ ಮೇಲೆ ಟಾರ್ಚ್ ಬಿಟ್ಟ. ನಲ್ಲಿ ಪೂರ್ತಿ ತೆರೆದಿತ್ತು, ನೀರು ಸಿಂಕಿನಲ್ಲಿ ಸದ್ದು ಮಾಡುತ್ತಿತ್ತು. ಕೆಂಪು ನಕ್ಷತ್ರ ಅಲುಗಲಿಲ್ಲ.

ಈ ಹೊತ್ತಿಗೆ ಬುರ್ಗಾಸಿನ ಯಾವುದೋ ಮನೆಯಲ್ಲಿ ಒಂದು ಮೀಟರ್ ತಿರುಗುತ್ತಿರಬೇಕು. ಆದರೆ ಅದು ಬೇರೆ ಜಿಲ್ಲೆ, ಅವನ ವ್ಯಾಪ್ತಿಗೆ ಬರುವುದಿಲ್ಲ. ರಾಚೊ ನಲ್ಲಿ ಮುಚ್ಚಿ, ಕೆಳಗಿಳಿದು, ಬಾಗಿಲ ಹಾಳೆಯಲ್ಲಿ ತನ್ನ ಮನೆಯ ಎದುರು ಅಂದವಾದ ಅಕ್ಷರದಲ್ಲಿ ಬರೆದ: "ಬಳಕೆ: ಆರು. ನಿವಾಸಿಗಳು: ಇಬ್ಬರು. ದೋಷವಿಲ್ಲ."